ಮುರಗೆಪ್ಪನ ಆಯೇರದ ಪಟ್ಟಿಗೆ ಮಲ್ಲಯ್ಯ ಬಂದದ್ದು

ಕಾಗವಾಡದ ಸುತ್ತಲಿನ ಊರುಗಳಲ್ಲಿ ಮದುವೆ ಗೊತ್ತಾಯಿತೆಂದರೆ ಜನ ಮೊದಲು ಅಯ್ಯನವರ ಹತ್ತಿರ ಹೋಗಿ ಮುಹೂರ್ತ ಕೇಳುತ್ತಾರೆ, ಅಲ್ಲಿಂದ ಸೀದಾ ಮುರಗೆಪ್ಪನ ದ್ರಾಕ್ಷಿ ತೋಟಕ್ಕೆ ಬಂದು ಆಯೇರ ಕೇಳುತ್ತಾರೆ. ಮದುವೆಯಲ್ಲಿ ನೆಂಟರಿಗೆ ಬಟ್ಟೆ ಕೊಟ್ಟು ಮರ್ಯಾದೆ ಮಾಡುವುದೇ ಆಯೇರ. ಹೇಳಲಿಕ್ಕೆ ಎಷ್ಟು ಸಲೀಸು! ಮಾಡಿದವರಿಗೆ ಗೊತ್ತು ಅದರ ಪಾಡು. ಯಾರಿಗೆ ಇಳಕಲ್ಲ ಸೀರೆ, ಯಾರಿಗೆ ನೂಲಿನ ಸೀರೆ, ಯಾರಿಗೆ ಧೋತರ, ಯಾರನ್ನು ಟೊಪ್ಪಿಗೆ ಟವೆಲ್ಲಿನಲ್ಲಿ ಮುಗಿಸಬಹುದು, ಯಾರ ಹೆಸರನ್ನು ಯಾರಿಗಿಂತ ಮೊದಲು ಕೂಗಬೇಕು, ಇದರಲ್ಲಿ ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಒಡಹುಟ್ಟಿದವರು ಹೋಗಿಬರುವುದು ಬಿಡುತ್ತಾರೆ. ಮುರಗೆಪ್ಪನಿಗೆ ಇದೆಲ್ಲ ಬಾಯಿಪಾಠ. ಇಂಥವರ ಮಗಳ ಮದುವೆಯಲ್ಲಿ ಇಂಥವರಿಗೆ ಎಂಥ ಅಂಚಿನ ಸೀರೆ ಹೋಗಿತ್ತು ಎಂದು ಕೇಳಿದರೆ, ಬಳ್ಳಿ ಕತ್ತರಿಸುತ್ತಿದ್ದ ಕೈ ನಿಲ್ಲಿಸದೆಯೇ ಹೇಳುತ್ತಿದ್ದ.

ಇಂಥ ಗಟ್ಟಿ ಆಸಾಮಿ ಸ್ವಂತ ಅಕ್ಕನ ಆಯೇರದಲ್ಲಿಯೇ ಮಣ್ಣುಮುಕ್ಕಿದ್ದ.

ಅಕ್ಕ ಸುಂದ್ರವ್ವ ಯಡೂರಿನವಳು. ಹರೆಯದಲ್ಲೇ ಗಂಡ ತೀರಿಕೊಂಡ ಮೇಲೆ ಹೊಳೆ ದಂಡೆಯ ಕಬ್ಬಿನ ಹೊಲವನ್ನು ಒಬ್ಬಳೇ ಸಂಭಾಳಿಸಿದಳು. ಸಕ್ಕರೆ ಕಾರ್ಖಾನೆಯ ಮುಂದೆ ಟ್ರ್ಯಾಕ್ಟರ್ ಸಾಲಿನಲ್ಲಿ ಗಂಡಸರ ನಡುವೆ ನಿಂತು ತನ್ನ ಪಾಳಿಗಾಗಿ ಜಗಳಾಡಿದವಳು. ತಾಯಿಯಿಲ್ಲದ ಮುರಗೆಪ್ಪನನ್ನು ಬಗಲಲ್ಲಿ ಹೊತ್ತು ಬೆಳೆಸಿದವಳೂ ಅವಳೇ. ಒಂಬತ್ತು ವರ್ಷದ ಹಿಂದೆ ಮುರಗೆಪ್ಪ ಹೊಸ ಮನೆ ಕಟ್ಟಿಸಿ ವಾಸ್ತುಶಾಂತಿ ಇಟ್ಟುಕೊಂಡಾಗ, ಅವನ ಹೆಂಡತಿ ಚನ್ನವ್ವ ಒಂದೇ ನಮೂನೆಯ ಎರಡು ಸೀರೆ ತಂದಿದ್ದಳು. ಜೋಡಿ ತಗೊಂಡರೆ ಅಂಗಡಿಯವನು ಬ್ಲೌಸ್‌ಪೀಸ್ ಪುಕ್ಕಟೆ ಕೊಡುತ್ತಿದ್ದನಂತೆ. ಒಂದು ಸುಂದ್ರವ್ವನಿಗೆ, ಇನ್ನೊಂದು ಬಾಜೂಮನೆಯ ಸತ್ತೆವ್ವನಿಗೆ. ಊಟದ ಪಂಕ್ತಿಯಲ್ಲಿ ಇಬ್ಬರೂ ಎದುರುಬದುರು ಕೂತರು, ಇಬ್ಬರ ಮಡಿಲಲ್ಲೂ ಅದೇ ಹಸಿರು, ಅದೇ ಕೆಂಪಂಚು.

"ಬಾಜೂಮನ್ಯಾಕಿಗೂ ಅದ, ಒಡಹುಟ್ಟಿದಾಕಿಗೂ ಅದ? ನನ್ನ ತೂಕ ಇಷ್ಟ ಏನೋ ತಮ್ಮಾ?" ಎಂದು ಸುಂದ್ರವ್ವ ಎಲೆಯ ಮುಂದಿನಿಂದ ಎದ್ದಳು. ಹೋಳಿಗೆ ಮುರಿದಿರಲೂ ಇಲ್ಲ.

ಅವತ್ತು ಹೋದವಳು ಮತ್ತೆ ಈ ಮನೆಯ ಹೊಸ್ತಿಲು ತುಳಿಯಲಿಲ್ಲ. ಮುರಗೆಪ್ಪ ಪಂಚಮಿಗೆ ಕರೆಯಹೋದ, ದೀಪಾವಳಿಗೆ ಕರೆಯಹೋದ. ಅವಳು ಚಹಾ ಕೊಡುತ್ತಿದ್ದಳು, ಊರ ಸುದ್ದಿ ಕೇಳುತ್ತಿದ್ದಳು, ಬರುತ್ತಿರಲಿಲ್ಲ. ತಮ್ಮ ಬೈಕಿನ ಮೇಲೆ ವಾಪಸ್ ಬರುತ್ತ ಹೆಲ್ಮೆಟ್ಟಿನೊಳಗೇ ಅಳುತ್ತಿದ್ದ. ಮನೆಗೆ ಬಂದು ಕಣ್ಣಿಗೆ ಧೂಳು ಬಿತ್ತು ಅನ್ನುತ್ತಿದ್ದ.

ಈಗ ಮಗಳು ಕೋಮಲಳ ಮದುವೆ ಗೊತ್ತಾಯಿತು. ಮುರಗೆಪ್ಪ ಮೊದಲ ಕರೆಯೋಲೆ ಹಿಡಿದು ಯಡೂರಿಗೇ ಓಡಿದ. ಸುಂದ್ರವ್ವ ಚೀಟಿಗೆ ಹಚ್ಚಿದ ಅರಿಶಿಣವನ್ನು ಬೆರಳಿನಿಂದ ಸವರಿ ನೋಡಿದಳು.

"ಬರ್ತೀನಿ. ನಿನ್ನ ಸಲುವಾಗಿ ಅಲ್ಲ, ಆ ಕೂಸಿನ ಸಲುವಾಗಿ. ಆಯೇರ ಆಗ್ಲಿ, ಆಮ್ಯಾಲ ನೋಡೂಣು, ಉಣ್ಣೂದೋ ಹಂಗ ಹೊಳ್ಳಿ ಬರೂದೋ" ಎಂದಳು.

ಮುರಗೆಪ್ಪನಿಗೆ ಅಷ್ಟೇ ಸಾಕಾಯಿತು. ನೇರ ಇಳಕಲ್ಲಿಗೆ ಹೋಗಿ ಅಪ್ಪಟ ರೇಷ್ಮೆಯ ಸೀರೆ ತಂದ. ಇಂಥದ್ದು ಇನ್ನೊಂದಿಲ್ಲ ಎಂದು ನೇಕಾರನಿಂದ ದೇವರ ಮೇಲೆ ಆಣೆ ಮಾಡಿಸಿಕೊಂಡೇ ತಂದ.

ಸೊಸೆ ರೂಪಾಲಿ ನಿಪ್ಪಾಣಿಯವಳು, ಮದುವೆಗೆ ಮೊದಲು ಅಲ್ಲಿಯ ಕಂಪ್ಯೂಟರ್ ಕ್ಲಾಸಿನಲ್ಲಿ ಹುಡುಗಿಯರಿಗೆ ಎಕ್ಸೆಲ್ ಕಲಿಸುತ್ತಿದ್ದವಳು. ಮಾವ ಬೆರಳು ಮಡಚುತ್ತ ನೆಂಟರನ್ನು ಎಣಿಸುವುದನ್ನು ನೋಡಿ ನೋಡಿ ಅವಳಿಗೆ ಸಾಕಾಗಿತ್ತು.

"ಮಾವಾರ, ಎಲ್ಲಾ ತಲ್ಯಾಗ ಇಟಗೊಂಡ್ರ ಹೆಂಗ್ರಿ? ಈ ಸಲ ಕಂಪ್ಯೂಟರಿನ್ಯಾಗ ಹಾಕೂಣು" ಎಂದು ಲ್ಯಾಪ್‌ಟಾಪ್ ತಂದು ಅವನ ಮುಂದಿಟ್ಟಳು.

ಎರಡು ಫೈಲು ಮಾಡಿದಳು. ಒಂದು ಮಾವನದು: ಅದರಲ್ಲಿ ನೆಂಟರ ಹೆಸರು, ಮರ್ಯಾದೆಯ ಕ್ರಮದಲ್ಲಿ, ಒಂದರ ಕೆಳಗೊಂದು. ಇನ್ನೊಂದು ಅವಳದು, ಚೀಲಗಳಿಗೆ ಅಂಟಿಸುವ ಚೀಟಿಗಳದು: ಅದರಲ್ಲಿ ಚೀಲದ ನಂಬರು, ನಂಬರಿನ ಪಕ್ಕ ಹೆಸರು. ಆದರೆ ಆ ಹೆಸರನ್ನು ಅವಳು ಟೈಪು ಮಾಡಿರಲಿಲ್ಲ. ಮಾವನ ಫೈಲಿನ ಇಂತಿಂಥ ಸಾಲಿನಲ್ಲಿ ಏನಿದೆಯೋ ಅದನ್ನು ತಂದು ತೋರಿಸು ಎಂದು ಕೊಂಡಿ ಹಾಕಿದ್ದಳು. ಮುರಗೆಪ್ಪ ತನ್ನ ಫೈಲಿನಲ್ಲಿ ಒಂದೇ ಬೆರಳಿನಿಂದ 'ಕಾಮಣ್ಣ' ಎಂದಿದ್ದದ್ದನ್ನು 'ಕಾಮಣ್ಣನವರು' ಎಂದು ತಿದ್ದಿದರೆ, ಅವಳ ಫೈಲಿನಲ್ಲೂ ಕಾಮಣ್ಣ ತಾನೇ ದೊಡ್ಡವನಾಗುತ್ತಿದ್ದ. ಮುರಗೆಪ್ಪ ಇದನ್ನು ನೋಡಲೆಂದೇ ಬೇಕೆಂತಲೇ ತಪ್ಪು ಬರೆದು ತಿದ್ದುತ್ತ ಇಡೀ ಒಂದು ಮಧ್ಯಾಹ್ನ ಕಳೆದ. ಅವತ್ತು ತೋಟಕ್ಕೆ ಔಷಧ ಹೊಡೆಯುವುದಿತ್ತು, ಅದು ಹಾಗೇ ಉಳಿಯಿತು.

"ನಿಮ್ಮ ಫೈಲ್‌ನ್ಯಾಗ ಏನ ಬೇಕಾದ್ದ ತಿದ್ದ್ರಿ. ನನ್ನ ಚೀಟಿ ಫೈಲ್ ಅಷ್ಟ ಮುಟ್ಟಬ್ಯಾಡ್ರಿ" ಎಂದಳು ರೂಪಾಲಿ. ಈ ಒಂದು ಮಾತು ಆಡದಿದ್ದರೆ ಚೆನ್ನಾಗಿರುತ್ತಿತ್ತು. ಪಾಪ, ಅವಳಿಗೇನು ಗೊತ್ತು, ಮಾವ ಇಷ್ಟು ಮಾತು ಕೇಳುವವನೆಂದು!

ಬಟ್ಟೆಗಳನ್ನು ಅವಳೇ ದಪ್ಪ ಚೀಲಗಳಲ್ಲಿ ತುಂಬಿ, ಬಾಯಿಗೆ ಪಿನ್ನು ಹೊಡೆದು, ಮೇಲೆ ನಂಬರು ಬರೆದಿಟ್ಟಳು. ಒಂದನೆಯದರಲ್ಲಿ ಸುಂದ್ರವ್ವನ ರೇಷ್ಮೆ ಸೀರೆ. ಎರಡನೆಯದರಲ್ಲಿ ಸದಲಗಾದ ಕಾಮಣ್ಣನಿಗೆ ಧೋತರ ಮತ್ತು ಜರಿಯ ಫೇಟಾ. ಕಾಮಣ್ಣ ಚನ್ನವ್ವನ ಅಣ್ಣ, ಮದುಮಗಳ ಸೋದರಮಾವ, ತಲೆಗೆ ಫೇಟಾ ಕಟ್ಟಿಸಿಕೊಳ್ಳದೆ ಬಿಡುವ ಪೈಕಿಯಲ್ಲ. ಮೂರನೆಯದರಲ್ಲಿ ಸತ್ತೆವ್ವನಿಗೆ ನೂಲಿನ ಸೀರೆ. ನಾಲ್ಕನೆಯದರಲ್ಲಿ ಗಾಣದ ಅಣ್ಣಾಸಾಬನಿಗೆ ಟೊಪ್ಪಿಗೆ, ಟವೆಲ್ಲು. ಹೀಗೇ ಇಳಿಯುತ್ತ ಹೋಗಿ ಕೊನೆಯ ಚೀಲ ಮೈಕಿನ ಸುರಜನಿಗೆ.

ಮದುವೆಗೆ ಎರಡು ದಿನ ಇರುವಾಗ ಚನ್ನವ್ವ ಶ್ಯಾವಿಗೆ ಡಬ್ಬಿ ಹಿಡಿದು ಹೋಗುವವಳು, ಗಂಡನ ಹಿಂದೆ ನಿಂತು ಲ್ಯಾಪ್‌ಟಾಪಿನಲ್ಲಿ ಇಣುಕಿದಳು.

"ದೇವರೆಲ್ಲೈತ್ರಿ ಇದರಾಗ?"

"ಯಾವ ದೇವರ?"

"ಯಾವ ದೇವರ ಅಂತ ಕೇಳ್ತೀರಲ್ಲ! ಮಂಗಸೂಳಿ ಮಲ್ಲಯ್ಯ. ಮನಿದೇವರಿಗೆ ಮೊದಲನೇ ಆಯೇರ ಹೋಗದ ಯಾರ ಮನ್ಯಾಗ ಲಗ್ನ ಆಗೇತ್ರಿ? ಎಲ್ಲಾರ ಮನೀ ಪಟ್ಟಿ ಮಾಡ್ತೀರಿ, ನಿಮ್ಮ ಮನೀ ಪಟ್ಟಿ ನೋಡ್ರಿ!"

ಮುರಗೆಪ್ಪ ಹಣೆ ಹಣೆ ಬಡಿದುಕೊಂಡ. ಊರಿಗೆಲ್ಲ ಆಯೇರ ಹೇಳುವವನು ದೇವರನ್ನೇ ಬಿಟ್ಟಿದ್ದ. ಕೈಕಾಲು ತೊಳೆದು ಬಂದು, ತನ್ನ ಫೈಲು ತೆರೆದು, ಎಲ್ಲರಿಗಿಂತ ಮೇಲೆ ಒಂದು ಹೊಸ ಸಾಲು ಸೇರಿಸಿ 'ಶ್ರೀ ಮಂಗಸೂಳಿ ಮಲ್ಲಯ್ಯ' ಎಂದು ಬರೆದ. ಸುಂದ್ರವ್ವ ಒಂದು ಸಾಲು ಕೆಳಗಿಳಿದಳು, ಕಾಮಣ್ಣ ಇಳಿದ, ಸತ್ತೆವ್ವ ಇಳಿದಳು, ಇಡೀ ಬಳಗ ಒಂದೊಂದು ಮೆಟ್ಟಿಲು ಇಳಿಯಿತು. ಸೊಸೆಯ ಫೈಲನ್ನು ಮಾತ್ರ ಮುಟ್ಟಲಿಲ್ಲ. ಮುಟ್ಟಬೇಡ ಎಂದಿದ್ದಳಲ್ಲ!

ಮರುದಿನ ಸಂಜೆ ರೂಪಾಲಿ ಅರಿಶಿಣದ ಗದ್ದಲದಲ್ಲಿದ್ದಳು, ಮೊಣಕೈವರೆಗೆ ಹಳದಿ. ಬಾಗಿಲಿನಿಂದಲೇ ಕೂಗಿದಳು: "ಮಾವಾರ, ನನ್ನ ಫೈಲ್ ತಗದು ಚೀಟಿ ಪ್ರಿಂಟ್ ಕೊಟ್ಟಬಿಡ್ರಿ, ನಂಬರ್ ನೋಡಿ ಚೀಲಕ್ಕ ಅಂಟಸ್ರಿ. ನನ್ನ ಕೈ ಹಿಂಗ ಆಗ್ಯಾವ!"

ಮುರಗೆಪ್ಪ ಮೊದಲ ಸಲ ಸೊಸೆಯ ಫೈಲು ತೆರೆದ. ತೆರೆದೊಡನೆ ಮೇಲ್ಗಡೆ ಒಂದು ಪಟ್ಟಿ ಅಡ್ಡಡ್ಡ ಹರಡಿಕೊಂಡಿತು. ಜೋಪಾನ, ಇದರಲ್ಲಿ ಬೇರೆ ಫೈಲಿನ ಕೊಂಡಿಗಳಿವೆ, ಅಲ್ಲಿಂದ ಹೊಸ ಮಾಹಿತಿ ತರುವುದನ್ನು ತಡೆದಿದ್ದೇನೆ, ಬೇಕಿದ್ದರೆ ಈ ಗುಂಡಿ ಒತ್ತು ಎಂದು ಇಂಗ್ಲಿಷಿನಲ್ಲಿ ಬರೆದಿತ್ತು. ಬೇರೆ ಯಾರಾದರೂ ಆಗಿದ್ದರೆ ಒಂದು ಕ್ಷಣ ಹಿಂಜರಿಯುತ್ತಿದ್ದರು. ಆದರೆ ಆ ಪಟ್ಟಿಯ ಬಣ್ಣ ಹಳದಿ. ಅಪ್ಪಟ ಭಂಡಾರದ ಹಳದಿ! ಮಲ್ಲಯ್ಯನ ಗುಡಿಯಲ್ಲಿ ಭಕ್ತರು ಮುಗಿಲಿಗೆ ತೂರುವ ಅರಿಶಿಣದ ಬಣ್ಣ. ನಿನ್ನೆ ತಾನೇ ದೇವರನ್ನು ಪಟ್ಟಿಯಲ್ಲಿ ಕೂರಿಸಿದ್ದಾನೆ, ಇವತ್ತು ಲ್ಯಾಪ್‌ಟಾಪಿನ ಹಣೆಗೆ ಭಂಡಾರ ಬಂದಿದೆ!

"ಯೇಳಕೋಟ!" ಎಂದು ಮಲ್ಲಯ್ಯನ ಜಯಕಾರ ಹಾಕಿ, ಕೈಮುಗಿದು ಗುಂಡಿ ಒತ್ತಿಬಿಟ್ಟ.

ಒಂದನೇ ನಂಬರಿನ ಮುಂದೆ ಮಲ್ಲಯ್ಯ ಬಂದು ಕೂತ. ಮುರಗೆಪ್ಪನ ಮೈಯೆಲ್ಲ ಮುಳ್ಳೆದ್ದಿತು. ದೇವರ ಹೆಸರು ಸೊಸೆಯ ಫೈಲಿಗೆ ಹೋಗುವುದು ಹೇಗೆ ಎಂದು ಅವನಿಗೆ ಒಳಗೊಳಗೇ ಚಿಂತೆಯಿತ್ತು. ದೇವರು ತಾನೇ ನಡೆದು ಹೋಗಿದ್ದ. ಹಾಗಾದರೆ ದೇವರ ಬಟ್ಟೆ? ಅತ್ತೆ ಹೇಳಿರಬೇಕು, ಸೊಸೆ ಒಂದನೇ ಚೀಲದಲ್ಲಿ ಕಟ್ಟಿಟ್ಟಿರಬೇಕು, ಶಾಣ್ಯಾ ಹುಡುಗಿ ಅದು. ಇತ್ತ ಚನ್ನವ್ವ, ಗಂಡನೇ ಸೊಸೆಗೆ ಹೇಳಿರಬೇಕು ಎಂದುಕೊಂಡಳು; ಹೀಗೆ ಗಂಡ ಹೆಂಡತಿ ಕೂತು ಚೀಟಿಗಳನ್ನೆಲ್ಲ ಅಂಟಿಸಿದರು. ಮರುದಿನ ಬೆಳಿಗ್ಗೆ, ಗೊಬ್ಬರಕ್ಕೆಂದು ಅವರ ತೋಟದಲ್ಲಿ ಕುರಿಮಂದೆ ತರುಬುವ ಅಮೋಘಸಿದ್ದನ ಕೈಯಲ್ಲಿ ಒಂದನೇ ಚೀಲ ಕೊಟ್ಟು, ಬೈಕಿನ ಮೇಲೆ ಮಂಗಸೂಳಿಗೆ ಅಟ್ಟಿದರು.

ಕಾಗವಾಡದ ಮಂಗಲ ಕಾರ್ಯಾಲಯ ತುಂಬಿ ತುಳುಕುತ್ತಿತ್ತು. ಸುಂದ್ರವ್ವ ಬಂದಳು. ಮುರಗೆಪ್ಪ ಓಡಿಹೋಗಿ ಕಾಲಿಗೆ ಬಿದ್ದ. ಅವಳು ತಲೆಯ ಮೇಲೆ ಕೈಯಿಟ್ಟಳು. ಮುಂದಿನ ಸಾಲಿನ ಖುರ್ಚಿಯಲ್ಲಿ ಬೆನ್ನು ಆನಿಸದೆ ನೆಟ್ಟಗೆ ಕೂತಳು. ಚಹಾ ಬಂತು, ಒಲ್ಲೆ ಅಂದಳು. ಶರಬತ್ತು ಬಂತು, ಒಲ್ಲೆ ಅಂದಳು. ಅಕ್ಕ ನೀರು ಸಹ ಮುಟ್ಟುತ್ತಿಲ್ಲ ಎಂಬುದನ್ನು ನೋಡುತ್ತ ಮುರಗೆಪ್ಪನಿಗೆ ಮಗಳ ತಲೆಗೆ ಅಕ್ಷತೆ ಹಾಕಿದ್ದೂ ಸರಿಯಾಗಿ ನೆನಪುಳಿಯಲಿಲ್ಲ.

ಅಕ್ಷತೆ ಬಿದ್ದು, ಆಯೇರದ ಚೀಲಗಳನ್ನು ಸ್ಟೇಜಿನ ಮೇಲೆ ಜೋಡಿಸುವಾಗ ಅವನ ಫೋನು ರಿಂಗಾಯಿತು. ಅಮೋಘಸಿದ್ದ.

"ಧಣ್ಯಾರ, ಆಯೇರ ಮುಟ್ಟಿತ್ರಿ. ಪೂಜಾರಪ್ಪ ಭಾಳ ಖುಷಿ ಆದ. ಖರೇ ಒಂದ ಮಾತ ಕೇಳಂದ್ರಿ."

"ಏನ?"

"ಮಲ್ಲಯ್ಯಗ ಸೀರಿ ಯಾಕ ಕಳಿಸ್ಯಾರ ಅಂತ."

"ಸೀರಿ? ಎಂಥಾ ಸೀರಿ?"

"ಇಳಕಲ್ಲಂದ್ರಿ, ರೇಷ್ಮಿ. ಏನ ಬಣ್ಣ ಅಂತೀರಿ! ನಿಮ್ಮ ಮ್ಯಾಲ ಮಾತ ಬರಬಾರದಂತ ನಾನ ಹೇಳಿದ್ನಿರಿ, ಸ್ವಾಮಿಗಲ್ಲ, ಬಾಜೂಕ ನಿಂತ ಅವ್ವಗ ಕಳಿಸ್ಯಾರ ಅಂತ. ಪೂಜಾರಪ್ಪ ದೇವಿಗೆ ಉಡಿಸೇ ಬಿಟ್ಟ. ಏನ ಒಪ್ಪೇತ್ರಿ ಅಂತೀನಿ!"

ಮುರಗೆಪ್ಪ ಫೋನು ಹಿಡಿದೇ ಅಡುಗೆಮನೆಯ ಕಡೆ ಓಡಿ, ಸೊಸೆಯನ್ನು ಅಕ್ಕಿ ಚೀಲಗಳ ಹತ್ತಿರ ಹಿಡಿದ. ರೂಪಾಲಿ ಎಲ್ಲ ಕೇಳಿ ಒಂದು ಗಳಿಗೆ ಕಣ್ಣು ಮುಚ್ಚಿಕೊಂಡಳು.

"ಮಾವಾರ, ಪಟ್ಟಿಗೆ ಏನರ ಸೇರಿಸಿದ್ರೇನು?"

"ದೇವರನ್ನ."

"ಎಲ್ಲಿ?"

"ಮ್ಯಾಲ. ದೇವರನ್ನ ಕೆಳಗ ಬರೀತಾರೇನವ್ವಾ?"

"ಆವಾಗ ನನ್ನ ಫೈಲ್ ತಗದಿತ್ತೇನ್ರಿ?"

"ಇಲ್ಲಪಾ! ನೀ ಮುಟ್ಟಬ್ಯಾಡ ಅಂದಿದ್ದೆಲ್ಲಾ."

"ಅಯ್ಯ ಶಿವನ!" ಎಂದು ರೂಪಾಲಿ ಅಕ್ಕಿ ಚೀಲದ ಮೇಲೆ ಕುಸಿದು ಕೂತಳು. "ಎರಡೂ ಫೈಲ್ ತಗದಿಟ್ಟು ಸಾಲ ಸೇರಿಸಿದ್ರ, ಮಂದಿ ಕೆಳಗ ಸರದದ್ದ ನನ್ನ ಫೈಲಿಗೆ ತಿಳೀತಿತ್ರಿ, ಅದೂ ಸರೀತಿತ್ತು. ಅದು ಮುಚ್ಚಿತ್ತು. ಪೋಸ್ಟಮನ್ ಇದ್ದಂಗ್ರಿ ಅದು, ಹಳೇ ಮನೀ ನಂಬರಿಗೆ ಹೋಗಿ ಅಲ್ಲಿ ಯಾರದಾರೋ ಅವರ ಹೆಸರ ತಂದೈತಿ. ಆ ಹಳದಿ ಪಟ್ಟಿ ಬಂತಲ್ರಿ, ಅದನ್ನರ ಒತ್ತದ ಬಿಟ್ಟಿದ್ರ ಹಳೇ ಹೆಸರ ಉಳೀತಿದ್ವು."

"ಭಂಡಾರ ಅಂತ ತಿಳಕೊಂಡೆ" ಎಂದ ಮುರಗೆಪ್ಪ, ಸಣ್ಣ ದನಿಯಲ್ಲಿ.

ರೂಪಾಲಿಗೆ ಬೈಯಬೇಕೋ ನಗಬೇಕೋ ತಿಳಿಯಲಿಲ್ಲ. "ನಂದೂ ತಪ್ಪ ಐತ್ರಿ. ಸಾಲಿನ ನಂಬರ್ ಹಿಡದು ಕೊಂಡಿ ಹಾಕೂದ ಬಿಟ್ಟು, ಒಬ್ಬೊಬ್ಬರಿಗೆ ಒಂದ ಗುರ್ತ ಕೊಟ್ಟು ಅದನ್ನ ಹುಡುಕೂ ಹಂಗ ಮಾಡಬೇಕಿತ್ತು. ಪಟ್ಟಿ ಪಕ್ಕಾ ಆದಮ್ಯಾಲ ಕೊಂಡಿ ಕಡದು ಬರೀ ಹೆಸರ ಇಡಬೇಕಿತ್ತು. ಮಂದಿಗೆ ಕಲಸ್ತಿದ್ದೆ ನಾ ಇದನ್ನ! ನಮ್ಮ ಮನೀ ಕೆಲಸ ಅಂತ ಸಡಿಲ ಬಿಟ್ಟೆ."

"ಅದಿರ್ಲವ್ವಾ. ಈಗ ಅಕ್ಕನ ಚೀಟಿ ಯಾವ ಚೀಲಕ್ಕೈತಿ?"

"ಎಲ್ಲಾರೂ ಒಂದೊಂದ ಕೆಳಗ ಸರದಾರ್ರಿ. ಅಂದ್ರ ಎರಡನೇದು. ಕಾಮಣ್ಣ ಮಾವಾರದು."

ಅಷ್ಟರಲ್ಲಿ ಹೊರಗೆ ಸುರಜನ ಮೈಕು ಮೊಳಗಿತು: "ಮೊದಲನೇ ಆಯೇರ! ಯಡೂರಿನ ಸುಂದ್ರವ್ವ ತಾಯಾರು ಸ್ಟೇಜಿನ ಮ್ಯಾಲ ಬರಬೇಕರಿ!"

ಮುರಗೆಪ್ಪ ಓಡಿದ ಓಟಕ್ಕೆ ಧೋತರದ ಕಚ್ಚೆ ಬಿಚ್ಚಿತು. ಒಂದು ಕೈಯಲ್ಲಿ ಕಚ್ಚೆ, ಒಂದು ಕೈಯಲ್ಲಿ ಫೋನು ಹಿಡಿದು ಅವನು ಸ್ಟೇಜು ಹತ್ತುವಾಗ ಚೀಲ ಆಗಲೇ ಸುಂದ್ರವ್ವನ ಮಡಿಲಲ್ಲಿತ್ತು. ಬೇರೆ ಹೆಂಗಸರಾಗಿದ್ದರೆ ಚೀಲವನ್ನು ಮನೆಗೆ ಒಯ್ದು ಬಿಚ್ಚುತ್ತಿದ್ದರು. ಸುಂದ್ರವ್ವ ಹಾಗೆ ಬಿಡುವವಳೇ? ಪಿನ್ನು ಕಿತ್ತು, ಕೈ ಹಾಕಿ, ಎಲ್ಲರೆದುರು ಹೊರಗೆಳೆದಳು. ಮೊದಲು ಧೋತರ ಬಂತು. ಅದರ ಹಿಂದೆ ಜರಿಯ ಫೇಟಾ ಉದ್ದಕ್ಕೆ ಬಿಚ್ಚಿಕೊಳ್ಳುತ್ತ ಬಂತು.

ಮೈಕು ಮಾತ್ರ ಕುಂಯ್ ಎನ್ನುತ್ತಿತ್ತು.

"ಇದು ಯಾರ ಬುದ್ಧಿ?" ಎಂದಳು ಸುಂದ್ರವ್ವ.

ಕಂಪ್ಯೂಟರಿನ ಮೇಲೆ ಹಾಕಿಬಿಡೋಣವೇ ಅನ್ನಿಸಿತು ಮುರಗೆಪ್ಪನಿಗೆ. ಆದರೆ ಬಗಲಲ್ಲಿ ಹೊತ್ತವಳ ಮುಂದೆ ನೆಪ ಹೇಳಲಿಕ್ಕೆ ನಾಲಗೆ ಏಳಲಿಲ್ಲ.

"ನಂದ ಅಕ್ಕಾ. ತಪ್ಪ ಆತು. ಇದು ಕಾಮಣ್ಣಂದು. ನಿನಗ ರೇಷ್ಮಿ ಸೀರಿ ತಂದಿದ್ದೆ, ಜಗತ್ತಿನ್ಯಾಗ ಒಂದ ಇದ್ದಂಥಾದ್ದು. ನಾ ಚೀಟಿ ಅದಲಾಬದಲಾ ಮಾಡಿದೆ, ಅದು ಮಂಗಸೂಳಿಗೆ ಹೋತು. ಈಗ ದೇವಿ ಉಟಗೊಂಡ ನಿಂತಾಳ, ವಾಪಸ್ ಕೇಳಾಕೂ ಬರಂಗಿಲ್ಲ. ಬೈಯಿ, ಹೊಡಿ, ಏನರ ಮಾಡು. ಉಪಾಸ ಹೋಗಬ್ಯಾಡವಾ, ನಿನ್ನ ಕೈಮುಗೀತೀನಿ" ಎಂದವನೇ ಸಣ್ಣ ಹುಡುಗನಂತೆ ಅಳತೊಡಗಿದ. ಕಣ್ಣಿಗೆ ಧೂಳು ಬಿತ್ತು ಎನ್ನಲಿಕ್ಕೂ ಅಲ್ಲಿ ಧೂಳಿರಲಿಲ್ಲ.

ಸುಂದ್ರವ್ವ ಅವನನ್ನೇ ನೋಡಿದಳು.

"ನನ್ನ ಸೀರಿ ದೇವಿ ಉಟಗೊಂಡಾಳ?"

"ಹೂಂ."

"ನನಗಂತ ತಂದದ್ದ?"

"ನಿನಗಂತನ, ಅಕ್ಕಾ."

"ನೋಡ್ರಿ ಮತ್ತ!" ಎಂದು ಸುಂದ್ರವ್ವ ಮೈಕಿನ ಕಡೆ ತಿರುಗಿದಳು, ಅವಳ ದನಿ ರಸ್ತೆಯವರೆಗೆ ಕೇಳಿತು. "ಬಾಜೂಮನ್ಯಾಕಿ ಸೀರಿ ನನಗ ಬಂತಂತ ಒಂಬತ್ತ ವರ್ಷ ಮನೀ ಬಿಟ್ಟಿದ್ದೆ. ಈಗ ನನ್ನ ಸೀರಿ ದೇವಿಗೆ ಹೋತು. ಇನ್ನೇನ ಬೇಕ?" ಆಮೇಲೆ ಫೇಟಾದ ತುದಿ ಹಿಡಿದು ತಮ್ಮನ ಕೈಗೆ ಕೊಟ್ಟಳು. "ಇದನ್ನ ನಾ ವಾಪಸ್ ಕೊಡಾಕಿ ಅಲ್ಲ. ಮೂವತ್ತ ವರ್ಷ ಕಬ್ಬ ಬೆಳದೀನಿ, ಕಬ್ಬ ಸಾಗಿಸೀನಿ. ಕಾರ್ಖಾನ್ಯಾಗ ಸತ್ಕಾರ ಅಂತ ಕರದಾಗೆಲ್ಲಾ ಮೈದುನಗ ಫೇಟಾ ಕಟ್ಟಿ, ನನ್ನ ಕೈಯಾಗ ತೆಂಗಿನಕಾಯಿ ಕೊಟ್ಟ ಕಳಿಸ್ಯಾರ. ಕಟ್ಟೋ ತಮ್ಮಾ. ಬಿಗಿಯಾಗಿ ಕಟ್ಟು, ಜಾರಬಾರದು."

ಮುರಗೆಪ್ಪನಿಗೆ ಫೇಟಾ ಕಟ್ಟಲು ಬರುತ್ತಿತ್ತು, ಆದರೆ ಅವತ್ತು ಎರಡು ಸಲ ಬಿಚ್ಚಿಹೋಯಿತು. ಕೊನೆಗೆ ಸೆರಗಿನ ಮೇಲೆಯೇ ಜರಿಯ ತುರಾಯಿ ನಿಂತಿತು. ಕೋಮಲ ಶೇಷೆಯ ಅಕ್ಕಿ ಉದುರಿಸುತ್ತ ಎದ್ದು ಬಂದು ಸೋದರತ್ತೆಯನ್ನು ಅಪ್ಪಿಕೊಂಡಳು. ಸುಂದ್ರವ್ವ ಅಲ್ಲೇ ನಿಂತು ಶರಬತ್ತು ತರಿಸಿ ಎರಡು ಲೋಟ ಕುಡಿದಳು.

ಈ ಗದ್ದಲದಲ್ಲಿ ಸುರಜ ತನ್ನ ಕೆಲಸ ನಿಲ್ಲಿಸಿರಲಿಲ್ಲ. ಹೆಸರು ಕೂಗುತ್ತ, ಚೀಲ ಹಂಚುತ್ತ ಹೋಗಿದ್ದ. ಸತ್ತೆವ್ವ ಟೊಪ್ಪಿಗೆಯನ್ನು ಮೊಮ್ಮಗನಿಗೆ ಇಟ್ಟು, ಟವೆಲ್ಲನ್ನು ಹೆಗಲಿಗೆ ಹಾಕಿಕೊಂಡು ಹಾಯಾಗಿ ಊಟದ ಕಡೆ ನಡೆದಳು. ಅಣ್ಣಾಸಾಬ ಕುಪ್ಪಸದ ಖಣ ಹಿಡಿದು, ಇದನ್ನು ಹೆಂಡತಿಗೆ ಹೇಗೆ ವಿವರಿಸುವುದು ಎಂದು ಯೋಚಿಸುತ್ತಿದ್ದ. ಕೊನೆಯಲ್ಲಿದ್ದ ಸುರಜನ ಹೆಸರು ಒಂದು ಸಾಲು ಕೆಳಗೆ ಸರಿದು ಚೀಟಿಗಳಿಂದಲೇ ಹೊರಬಿದ್ದಿತ್ತು; ಚೀಲಗಳೆಲ್ಲ ಮುಗಿದ ಮೇಲೆ ಅವನು ಮೈಕಿನಲ್ಲೇ "ನಂದೆಲ್ಲೈತ್ರಿ?" ಎಂದು ಕೇಳಿದ.

ಸಿಡಿದದ್ದು ಕಾಮಣ್ಣ. ಅವನ ಚೀಲದಲ್ಲಿ ಸತ್ತೆವ್ವನ ನೂಲಿನ ಸೀರೆಯಿತ್ತು. ಅವನು ಅದನ್ನು ಎರಡೂ ಕೈಯಲ್ಲಿ ಹರಡಿ ಹಿಡಿದು ಸಭೆಗೆಲ್ಲ ತೋರಿಸಿದ.

"ಸ್ವಾದರಮಾವಗ ಸೀರಿ! ನನ್ನ ಫೇಟಾ ಮಂದೀ ತಲಿ ಮ್ಯಾಲ! ಸದಲಗಾದಾಗ ನಾ ಹೆಂಗ ಮಾರಿ ತೋರಸ್ಲಿ? ಚನ್ನೀ, ಇವತ್ತಿಗೆ ನಿನ್ನ ಮನೀ ಋಣ ತೀರಿತು!" ಎಂದು ಬರಿದಲೆಯಲ್ಲಿ ಗೇಟಿನ ಕಡೆ ದಡದಡ ನಡೆದ. ಚನ್ನವ್ವ ಬಾಯಿಗೆ ಸೆರಗು ಹಿಡಿದು ನಿಂತುಬಿಟ್ಟಳು. ಮುರಗೆಪ್ಪ ಅವನ ಹಿಂದೆ ಓಡಿದ, ಕೈ ಹಿಡಿದ, ಕೈ ಮುಗಿದ. ಒಬ್ಬರನ್ನು ಕೂರಿಸುವಷ್ಟರಲ್ಲಿ ಇನ್ನೊಬ್ಬರು ಎದ್ದಿದ್ದರು. ಕಾಮಣ್ಣ ಕೈ ಕೊಸರಿಕೊಂಡು ಬೈಕಿಗೆ ಕೀಲಿ ಹಾಕಿದ.

ಆಗ ಸುಂದ್ರವ್ವ ಬಂದಳು. ತಲೆಯ ಮೇಲೆ ಫೇಟಾ ಹಾಗೇ ಇತ್ತು, ತುರಾಯಿ ಒಂದು ಕಡೆ ವಾಲಿತ್ತು. ಬೈಕಿನ ಮುಂದೆ ಅಡ್ಡ ನಿಂತು ಕೀಲಿ ತೆಗೆದು ತನ್ನ ಸೊಂಟದ ಬಟವೆಗೆ ಹಾಕಿಕೊಂಡಳು.

"ಎಷ್ಟ ವರ್ಷ ಮಾಡಾವ ಈ ಸಿಟ್ಟ?" ಎಂದು ಕೇಳಿದಳು.

"ನೀವ ಬಿಡ್ರಿ ಅಕ್ಕಾರ, ನಿಮಗ ತಿಳಿಯಂಗಿಲ್ಲ!"

"ನನಗ ತಿಳಿಯಂಗಿಲ್ಲ?" ಸುಂದ್ರವ್ವ ನಕ್ಕಳು. ನಗುನಗುತ್ತಲೇ ಅವಳ ಕಣ್ಣು ತುಂಬಿತು. "ಈ ಕೋಮಲ ನನ್ನ ಮುಂದ ಇಷ್ಟ ಇದ್ಲು, ಕಾಮಣ್ಣ. ಇಕಿ ಕಾಲೇಜಿಗೆ ಹೋದದ್ದ ನಾ ನೋಡಲಿಲ್ಲ, ದೊಡ್ಡಾಕಿ ಆದದ್ದ ನೋಡಲಿಲ್ಲ. ಇವತ್ತ ಬಂದೀನಿ, ಇವತ್ತ ಇಕಿ ಗಂಡನ ಮನಿಗೆ ಹೊಂಟಾಳ. ಸೀರಿ ಅಂಚ ನೋಡಕೋತ ಕುಂತಿದ್ದೆ ನಾ."

ಕಾಮಣ್ಣ ಒಮ್ಮೆ ಹೊರಳಿ ಸ್ಟೇಜಿನ ಕಡೆ, ಮದುಮಗಳನ್ನು ನೋಡಿದ. ಬೈಕಿನ ಹ್ಯಾಂಡಲ್ ಹಿಡಿದುಕೊಂಡೇ ನಿಂತಿದ್ದ.

"ನಡಿ, ಹೋಳಿಗಿ ಆರತಾವ" ಎಂದು ಸುಂದ್ರವ್ವ ಅವನ ರಟ್ಟೆ ಹಿಡಿದು ಒಳಗೆಳೆದಳು, ತಮ್ಮನ ಕಡೆ ತಿರುಗಿ ಗದರಿದಳು. "ನೀ ಏನ ನೋಡಾಕತ್ತಿ? ತುಪ್ಪ ತರಸು!"